ಸಹಾಯ ಬೇಕು: ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಹಳೇ ಡೀಸೆಲ್ ಜೀಪು

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮ ತೋಟದಲ್ಲಿ ಅಪ್ಪ 1994ರಲ್ಲಿ ತಗೊಂಡ ಡೀಸೆಲ್ ಜೀಪು ಇದೆ. ಮಾರಲು ಮನಸ್ಸಿಲ್ಲ.

ಮೊದಲು ಬೆಳಗ್ಗೆಯೇ ಸ್ಟಾರ್ಟ್ ಆಗುತ್ತಿರಲಿಲ್ಲ. ಬ್ಯಾಟರಿ ಹೊಸದು, 12.6 ವೋಲ್ಟ್ ತೋರಿಸುತ್ತದೆ. ಹುಡುಕುತ್ತಾ ಹೋದಾಗ ಇಂಜಿನ್‌ನಿಂದ ಚಾಸಿಗೆ ಬರುವ ಅರ್ಥಿಂಗ್ ಪಟ್ಟಿ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ತಂತಿಪಟ್ಟಿ) ಕಣ್ಣಿಗೆ ಬಿತ್ತು. ಬೋಲ್ಟ್ ಬಿಚ್ಚಿದರೆ ಒಳಗೆಲ್ಲಾ ಹಸಿರು ಕಿಲುಬು, ಅರ್ಧ ಎಳೆಗಳು ಕೈಯಲ್ಲೇ ಪುಡಿಯಾದವು. ಬಣ್ಣ ಕೆರೆದು ಹೊಸ ಪಟ್ಟಿ ಬಿಗಿದೆ. ಈಗ ಚಳಿಯಲ್ಲೂ ಇಂಜಿನ್ ಬಿಸಿ ಮಾಡುವ ಹೀಟರ್ ಕಾಯಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್.

ಉಳಿದಿರುವುದು ಬಿಸಿ ಇಂಜಿನ್‌ನ ಕಾಟ. ಸಂತೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಕೀ ತಿರುಗಿಸಿದರೆ ಬರೀ ‘ಟಕ್’. ಹೆಡ್‌ಲೈಟ್ ಮಂಕಾಗುವುದಿಲ್ಲ. ಅರ್ಧ ಗಂಟೆ ತಣಿದರೆ ತಾನಾಗೇ ಸರಿ. ಸ್ಟಾರ್ಟ್ ಆಗದ ಹೊತ್ತಲ್ಲಿ, ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್‌ನ ಸಣ್ಣ ವೈರಿಗೆ ಮೀಟರ್ ಹಿಡಿದೆ: ಕೀ ತಿರುಗಿಸಿದಾಗ 7.8 ವೋಲ್ಟ್ ಅಷ್ಟೇ, ಬ್ಯಾಟರಿಯಲ್ಲಿ ಮಾತ್ರ 12ಕ್ಕೂ ಜಾಸ್ತಿ. ನ್ಯೂಟ್ರಲ್‌ನಲ್ಲಿಟ್ಟು ಬ್ಯಾಟರಿಯಿಂದ ಅದೇ ಜಾಗಕ್ಕೆ ನೇರ ವೈರ್ ಮುಟ್ಟಿಸಿದರೆ ತಕ್ಷಣ ಸ್ಟಾರ್ಟ್ ಆಯಿತು.

ಇಲ್ಲಿನ ಮೆಕ್ಯಾನಿಕ್ ಪೂರ್ತಿ ಸ್ಟಾರ್ಟರ್ ಬದಲಿಸಿ ಅನ್ನುತ್ತಾರೆ. ನನಗೆ ಕೀ ಸ್ವಿಚ್ಚಿನ ಮೇಲೇ ಅನುಮಾನ. ಒಳಗಿನ ಪಾಯಿಂಟ್ ಸವೆದಿರಬೇಕು ಅಲ್ವಾ? ಬ್ಯಾಟರಿಯಿಂದ ಫ್ಯೂಸ್ ಹಾಕಿ ರಿಲೇ (ಕೀಯ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್) ಕೂರಿಸಿದರೆ ಸಾಕೇ? 30 ಆಂಪ್‌ನದ್ದೇ, 40ರದ್ದೇ? ಹಳೇ ಜೀಪಿಗೆ ರಿಲೇ ಹಾಕಿದವರು ವೈರ್ ಎಷ್ಟು ದಪ್ಪದ್ದು ಬಳಸಿದಿರಿ, ಮಳೆನೀರು ತಾಗದ ಹಾಗೆ ಎಲ್ಲಿ ಕೂರಿಸಿದಿರಿ ಅಂತ ದಯವಿಟ್ಟು ತಿಳಿಸಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ಅಮ್ಮನನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದು ಇದರಲ್ಲೇ. ಇಂಜಿನ್ ಆಫ್ ಮಾಡಲೇ ಹೆದರಿಕೆಯಾಗುತ್ತದೆ.