ಸಹಾಯ ಬೇಕು: 42 ವರ್ಷ, ಮುಟ್ಟು ಏರುಪೇರು, ಮಗುವಿಗೆ ಪ್ರಯತ್ನ ಮಾಡ್ತಿದ್ದೇವೆ

ಅಕ್ಕಂದಿರೇ, ನನಗೆ 42. ಮದುವೆಯಾಗಿದ್ದೇ 39ಕ್ಕೆ. ಮೊದಲೆಲ್ಲ 28 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತಿದ್ದೆ, ಈಗ ಎಂಟು ತಿಂಗಳಿಂದ ಒಮ್ಮೆ 23 ದಿನ, ಒಮ್ಮೆ 41. ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಾ ಬಂದಿದ್ದೇನೆ. ಹೋದ ತಿಂಗಳು ಹತ್ತು ದಿನ ಮುಂದೆ ಹೋಯಿತು ಅಂತ ಯಾರಿಗೂ ಹೇಳದೆ ಬೆಳಗ್ಗೆ ಐದಕ್ಕೆ ಎದ್ದು ಟೆಸ್ಟ್ ಮಾಡಿದೆ, ಒಂದೇ ಗೆರೆ. ಮಧ್ಯಾಹ್ನವೇ ಮುಟ್ಟಾಯಿತು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಡಾಕ್ಟರು ಮುಟ್ಟಿನ ಎರಡನೇ ದಿನಕ್ಕೆ ಎಫ್‌ಎಸ್‌ಎಚ್, ಜೊತೆಗೆ ಎಎಂಎಚ್ (ಇವೆರಡೂ ಅಂಡಾಣು ಎಷ್ಟು ಉಳಿದಿರಬಹುದು ಅಂತ ಅಂದಾಜು ಮಾಡೋಕೆ), ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅಂತ ಹಾರ್ಮೋನಿನ ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ. ನಲವತ್ತು ದಾಟಿದ ಮೇಲೆ ಸುಮ್ನೆ ಕಾಯಬಾರದು, ಯಜಮಾನರ ವೀರ್ಯ ಪರೀಕ್ಷೆಯೂ ಈಗಲೇ ಆಗಲಿ ಅಂದರು. ಅದು ಸರಿ ಅಲ್ವಾ, ಎಲ್ಲ ಪರೀಕ್ಷೆ ಹೆಂಗಸಿಗೇ ಯಾಕೆ. ಅವರು ಒಪ್ಪಿದ್ದಾರೆ.

ನನ್ನ ಪ್ರಶ್ನೆ ಇದು. ಮುಟ್ಟಿನ ದಿನ ಹೀಗೆ ಹೆಚ್ಚುಕಮ್ಮಿ ಇರುವಾಗ ಓವ್ಯುಲೇಷನ್ ಕಿಟ್ (ಅಂಡಾಣು ಬಿಡುಗಡೆ ಹತ್ತಿರ ಬಂದಾಗ ಗೆರೆ ಗಾಢವಾಗುವ ಮೂತ್ರ ಪರೀಕ್ಷೆಯ ಪಟ್ಟಿ) ಎಷ್ಟನೇ ದಿನದಿಂದ ಶುರು ಮಾಡಿದಿರಿ? ನಾನು ಎಂಟನೇ ದಿನದಿಂದ ನೋಡುತ್ತೇನೆ, 41 ದಿನದ ತಿಂಗಳಲ್ಲಿ ಪಟ್ಟಿ ಎಲ್ಲ ಖಾಲಿಯಾದರೂ ಗೆರೆ ಗಾಢ ಆಗಲೇ ಇಲ್ಲ. ಆ ತಿಂಗಳು ಅಂಡಾಣು ಬಿಡುಗಡೆಯೇ ಆಗಲಿಲ್ಲವೋ, ನಾನೇ ತಪ್ಪಿಸಿಕೊಂಡೆನೋ ಗೊತ್ತಾಗುತ್ತಿಲ್ಲ. ಅಂಡಾಣು ಬಿಡುಗಡೆ ಆಯಿತೋ ಇಲ್ಲವೋ ಅಂತ ನೋಡುವ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಮಾಡಿಸಿದವರಿದ್ದರೆ ಯಾವ ದಿನ ಮಾಡಿಸಿದಿರಿ ಹೇಳಿ. ಐವಿಎಫ್‌ಗೆ ಹೋದವರು, ದಾನದ ಅಂಡಾಣು ತೆಗೆದುಕೊಂಡವರು ಇದ್ದರೆ ದಯವಿಟ್ಟು ಮಾತಾಡಿ. ಕಷಾಯ, ಹರಕೆ ಸಲಹೆ ಮನೆಯಲ್ಲೇ ಬೇಕಾದಷ್ಟು ಸಿಗುತ್ತಿದೆ, ನನಗೆ ನಿಮ್ಮ ಅನುಭವ ಬೇಕು.