ಸ್ಪೋರ್ ಉದುರಿಸದ ಚಿಪ್ಪಣಬೆ: ಟಿಶ್ಯೂ ಕಲ್ಚರ್‌ನಿಂದ ಸಿಗುತ್ತಾ?

ಹುಲ್ಲುಬೆಡ್: ಕಪ್ಪು ಹಾಳೆ ಮೇಲೆ ರಾತ್ರಿಯಿಡೀ ಕವುಚಿಟ್ಟರೂ ಸ್ಪೋರ್‌ನ (ಅಣಬೆಯ ಬೀಜದಂಥ ಕಣ) ಗುರುತೇ ಬೀಳದ ಒಂದು ಚಿಪ್ಪಣಬೆ ಟೋಪಿ ಸಿಕ್ಕಿದೆ. ಅದರ ಟಿಶ್ಯೂ (ಒಳಗಿನ ತಿರುಳಿನ ತುಂಡು) ತೆಗೆದು ಸ್ಪಾನ್ (ಅಣಬೆ ಬಿತ್ತನೆ) ಮಾಡಿದರೆ ಸ್ಪೋರ್ ಇಲ್ಲದ ತಳಿ ಆದಂತೆಯೇ? ಅಲ್ಲದಿದ್ದರೆ, ಸ್ಪೋರೇ ಇಲ್ಲದ್ದನ್ನು ಕ್ರಾಸ್ ಮಾಡೋದು ಹೇಗೆ?

ಕ್ಲಾಂಪ್40: ಒಂದು ಟೋಪಿ ನೋಡಿ ಹೇಳೋಕಾಗಲ್ಲ. ಎಳೆಯ ಟೋಪಿ, ಗಾಳಿಯಾಡದ ಕೋಣೆ, ಒಣಗಿದ ಗಿಲ್ (ಟೋಪಿ ಅಡಿಯ ಪದರ), ಇಷ್ಟಿದ್ದರೂ ಗುರುತು ಬೀಳಲ್ಲ. ಆ ಕ್ಲೋನನ್ನೂ ಮೂಲ ತಳಿಯನ್ನೂ ಒಂದೇ ಕೋಣೆಯಲ್ಲಿ ಐದೈದು ಬೆಡ್ ಹಾಕಿ, ಎರಡು ಮೂರು ಕೊಯ್ಲು ನೋಡಿ. ಆಗಲೂ ಗುರುತು ಬೀಳದಿದ್ದರೆ ಮಾತ್ರ ಜೀನ್ ಅನ್ನಿ.

ಆ ಜೀನ್ ಬಹುಪಾಲು ಮಿಯಾಸಿಸ್‌ನದು (ಸ್ಪೋರ್ ಆಗುವ ಮುಂಚಿನ ಕೋಶವಿಭಜನೆ). ಚಿಪ್ಪಣಬೆಯಲ್ಲಿ ಎಂಎಸ್‌ಎಚ್4 ಅನ್ನೋ ಜೀನ್ ಕೆಟ್ಟರೆ ಕ್ರೋಮೋಸೋಮ್ ಜೋಡಿಗಳ ಅದಲುಬದಲು ಸರಿಯಾಗಿ ನಡೆಯಲ್ಲ, ಮಿಯಾಸಿಸ್ ಅರ್ಧಕ್ಕೇ ನಿಲ್ಲುತ್ತೆ. ಗಿಲ್ ಬೆಳೆಯುತ್ತೆ, ಬೆಸಿಡಿಯಮ್ಮೂ (ಸ್ಪೋರ್ ಹೊರುವ ಕೋಶ) ಬರುತ್ತೆ, ಅದರ ತುದಿಯಲ್ಲಿ ಸ್ಪೋರ್ ಮಾತ್ರ ಇಲ್ಲ. ಬೇಸಾಯದ ಅಣಬೆಯ ದಾರದಂಥ ಎಳೆಯ ಪ್ರತಿ ಕೋಶದಲ್ಲೂ ಎರಡು ನ್ಯೂಕ್ಲಿಯಸ್ (ಇದೇ ಡೈಕ್ಯಾರಿಯಾನ್), ಈ ಗುಣ ರಿಸೆಸಿವ್. ಎರಡರಲ್ಲೂ ಕೆಟ್ಟಿರಬೇಕು. ಅದಕ್ಕೇ ತಾನಾಗಿ ಸಿಗೋದು ಅಪರೂಪ.

ಎರಡುಕೇಂದ್ರ: ಕ್ರಾಸ್‌ಗೆ ಆ ತಳಿಯ ಸ್ಪೋರ್ ಬೇಕಿಲ್ಲ. ಒಳ್ಳೆ ಇಳುವರಿಯ ತಳಿಯ ಒಂದು ಸ್ಪೋರ್‌ನಿಂದ ಮೊನೊಕ್ಯಾರಿಯಾನ್ (ಕೋಶಕ್ಕೆ ಒಂದೇ ನ್ಯೂಕ್ಲಿಯಸ್ ಇರುವ ಎಳೆ) ಬೆಳೆಸಿ. ಅದರ ಪಕ್ಕದಲ್ಲೇ ಸ್ಪೋರ್ ಇಲ್ಲದ ಡೈಕ್ಯಾರಿಯಾನ್ ತುಂಡು ಇಡಿ. ಅದರ ನ್ಯೂಕ್ಲಿಯಸ್ ಮೊನೊಕ್ಯಾರಿಯಾನ್‌ನೊಳಗೆ ಸಾಗುತ್ತೆ. ಬುಲ್ಲರ್ ವಿದ್ಯಮಾನ ಅನ್ನೋದು ಇದನ್ನೇ. ಮೊನೊಕ್ಯಾರಿಯಾನ್‌ನ ದೂರದ ಅಂಚಿನಿಂದ ತುಂಡು ತೆಗೆದು 400 ಪಟ್ಟು ಹಿಗ್ಗಿಸಿ ನೋಡಿ. ಕ್ಲಾಂಪ್ (ಕೋಶಗಳ ನಡುವಿನ ಕೊಂಡಿಯಂಥ ಉಬ್ಬು, ಡೈಕ್ಯಾರಿಯಾನ್‌ನ ಗುರುತು) ಕಂಡರೆ ಕ್ರಾಸ್ ಆಗಿದೆ. ಎರಡು ತುಂಡು ಕೂಡಿದ ಗೆರೆಯಿಂದ ತೆಗೆದರೆ ಹಳೆ ಡೈಕ್ಯಾರಿಯಾನೇ ಬಂದು ಮೋಸಹೋಗ್ತೀರಿ.

ಈ ಮೊದಲ ಪೀಳಿಗೆ ಸ್ಪೋರ್ ಉದುರಿಸುತ್ತೆ, ಗಾಬರಿ ಬೇಡ. ಆ ಸ್ಪೋರ್‌ಗಳಲ್ಲಿ ಅರ್ಧಕ್ಕೆ ಕೆಟ್ಟ ಜೀನ್ ಇರುತ್ತೆ. ಆದರೆ ಸಂಯೋಗದ ಗುಂಪು ನಾಲ್ಕು, ಒಂದೇ ಟೋಪಿಯ ಮೊನೊಕ್ಯಾರಿಯಾನ್‌ಗಳಲ್ಲಿ ಕಾಲುಭಾಗ ಜೋಡಿ ಮಾತ್ರ ಕೂಡುತ್ತೆ. 40 ತೆಗೆದರೆ ಸುಮಾರು 20ರಲ್ಲಿ ಆ ಜೀನ್. ಆ 20ರೊಳಗೇ ಕ್ಲಾಂಪ್ ಬರೋ ಜೋಡಿ ಹುಡುಕಬೇಕು. ಪಿಸಿಆರ್ (ಡಿಎನ್‌ಎ ಪರೀಕ್ಷೆ) ಇದ್ದರೆ ಎಳೆಯ ಹಂತದಲ್ಲೇ ಯಾವುದರಲ್ಲಿ ಆ ಜೀನ್ ಇದೆ ಅಂತ ಗೊತ್ತಾಗುತ್ತೆ. ಇಲ್ಲದಿದ್ದರೆ ಪ್ರತಿ ಜೋಡಿಯನ್ನೂ ಬೆಡ್‌ವರೆಗೆ ತರಬೇಕು, ಬೆವರು ಹರಿಸುವ ಕೆಲಸ. ಒಡಹುಟ್ಟಿದವನ್ನೇ ಮತ್ತೆ ಮತ್ತೆ ಕೂಡಿಸಿದರೆ ಇಳುವರಿ ಕುಸಿಯುತ್ತೆ. ನಡುನಡುವೆ ಒಳ್ಳೆ ತಳಿಗೆ ಮರುಕ್ರಾಸ್ ಮಾಡಿ.

ಹುಲ್ಲುಬೆಡ್: ಕ್ರಿಸ್ಪರ್‌ನಲ್ಲಿ (ಜೀನ್ ತಿದ್ದುವ ವಿಧಾನ) ನೇರ ಆಗಲ್ವಾ?

ಕ್ಲಾಂಪ್40: ಜಪಾನಿನಲ್ಲಿ ಎಂಎಸ್‌ಎಚ್4, ಮಿಯಾಸಿಸ್‌ನದೇ ಇನ್ನೊಂದು ಜೀನ್ ಎಂಇಆರ್3, ಎರಡನ್ನೂ ಹಾಗೆ ಕೆಡಿಸಿದ್ದಾರೆ. ಸಿಕ್ಕಿದ್ದು ಸ್ಪೋರ್ ತೀರ ಕಡಿಮೆಯಾದ ತಳಿ, ಪೂರ್ತಿ ಸೊನ್ನೆ ಅಲ್ಲ. ನಿಮ್ಮ ಕಪ್ಪು ಹಾಳೆ ಈ ವ್ಯತ್ಯಾಸ ತೋರಿಸಲ್ಲ. ಟೋಪಿಯನ್ನು ನೀರಲ್ಲಿ ತೊಳೆದು ಹೀಮೋಸೈಟೋಮೀಟರ್‌ನಲ್ಲಿ (ಕಣ ಎಣಿಸುವ ಗೆರೆಗಾಜು) ಸ್ಪೋರ್ ಎಣಿಸಿ. ಅಲ್ಲೀತನಕ ಟೋಪಿಯ ಅಂಚು ಒಳಕ್ಕೆ ಬಾಗಿರುವಾಗಲೇ ಕೊಯ್ಯಿರಿ, ಸ್ಪೋರ್ ಉಸಿರಿಗೆ ಹೋಗದಂತೆ ಎನ್95 ಮಾಸ್ಕ್ ಇಲ್ಲದೆ ಕೋಣೆಗೆ ಕಾಲಿಡಬೇಡಿ.