ಕೋಡಾನ್, ಆಂಟಿಕೋಡಾನ್ ಮನೆಯಲ್ಲಿ ಹೇಗೆ ಹೇಳಿಕೊಡೋದು? ಅನುಭವ ಇದ್ದವರು ತಿಳಿಸಿ

ನನ್ನ ತಂಗಿ ಸೆಕೆಂಡ್ ಪಿಯುಸಿ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಕೋಡಾನ್ ಅಂದರೆ ಎಂಆರ್‌ಎನ್‌ಎಯಲ್ಲಿರುವ (ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತ ಎಳೆ) ಮೂರಕ್ಷರದ ಗುಂಪು ಅಂತ ಗೊತ್ತು. ಆಂಟಿಕೋಡಾನ್ (ಪ್ರೋಟೀನಿನ ಘಟಕವಾದ ಅಮೈನೋ ಆಮ್ಲವನ್ನು ಹೊತ್ತು ತರುವ ಟಿಆರ್‌ಎನ್‌ಎಯಲ್ಲಿ ಕೋಡಾನಿಗೆ ಜೋಡಿಯಾಗುವ ಮೂರಕ್ಷರ) ಬಂದ ಕೂಡಲೇ ಎಲ್ಲ ಕಲಸಿಹೋಗುತ್ತದೆ. ಎಯುಜಿಗೆ ಆಂಟಿಕೋಡಾನ್ ಯುಎಸಿ ಅಂತ ನೋಟ್ಸಲ್ಲಿದೆ, ಇನ್ನೊಂದು ಕಡೆ ಸಿಎಯು ಅಂತಿದೆ. ಕಲಿಸಿದವರು, ಕಲಿತವರು ದಯವಿಟ್ಟು ಹೇಳಿ.

ಉತ್ತರ (ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ)

ಎರಡೂ ಸರಿ, ಓದುವ ದಿಕ್ಕು ಮಾತ್ರ ಬೇರೆ. ನಾನು ಮಕ್ಕಳಿಂದ ಮೊದಲು ಎಳೆಯ ಎರಡು ತುದಿಗಳ ಗುರುತಾದ 5′, 3′ಗಳನ್ನೇ ಬರೆಸುತ್ತೇನೆ. ಮೇಲಿನ ಸಾಲಿನಲ್ಲಿ 5′-ಎಯುಜಿ-3′. ಅದರ ನೇರ ಕೆಳಗೆ 3′-ಯುಎಸಿ-5′. ಎ ಎದುರು ಯು, ಜಿ ಎದುರು ಸಿ. ಜೋಡಿಯಾಗುವ ಎರಡು ಎಳೆಗಳು ಯಾವಾಗಲೂ ಹೀಗೆ ತಲೆ-ಕಾಲು ಅದಲುಬದಲಾಗಿರುತ್ತವೆ. ಈಗ ಕೆಳಗಿನ ಸಾಲನ್ನು 5′ ತುದಿಯಿಂದ ಓದಿಸಿ, ಸಿಎಯು ಬರುತ್ತದೆ. ತುದಿ ಹಾಕದೆ ಆಂಟಿಕೋಡಾನ್ ಬರೆಯಲು ಬಿಡಲೇಬೇಡಿ. ಈ ಅಭ್ಯಾಸ ಆದರೆ ಅರ್ಧ ಗೊಂದಲ ಹೋಯಿತು.

ಮಕ್ಕಳು ಜಾಸ್ತಿ ಎಡವುವ ಇನ್ನೊಂದು ಜಾಗ ಯಾವ ಕೋಡಾನಿಗೆ ಯಾವ ಅಮೈನೋ ಆಮ್ಲ ಅಂತ ತೋರಿಸುವ ಕೋಷ್ಟಕ. ಅದು ಕೋಡಾನ್ ಹಿಡಿದು ನೋಡುವಂಥದ್ದು. ಆಂಟಿಕೋಡಾನ್ ಹಿಡಿದು ಹುಡುಕಿದರೆ ಯುಎಸಿಗೆ ಟೈರೋಸಿನ್, ಸಿಎಯುಗೆ ಹಿಸ್ಟಿಡಿನ್ ಸಿಗುತ್ತದೆ. ಬರಬೇಕಾದದ್ದು ಮೆಥಿಯೋನಿನ್!

ಉತ್ತರ (ಬಯೋಕೆಮಿಸ್ಟ್ರಿ ಎಂಎಸ್ಸಿ ಓದಿದವನು)

ಮೇಡಂ ಹೇಳಿದ್ದು ಸರಿ. ಅದಾದ ಮೇಲೆ ತಂಗಿಗೆ ಒಂದು ಪ್ರಶ್ನೆ ಕೇಳಿ: ಸರಿಯಾದ ಅಮೈನೋ ಆಮ್ಲ ಯಾವುದು ಅಂತ ಯಾರಿಗೆ ಗೊತ್ತು? ಸುಮಾರು ಜನ ರೈಬೋಸೋಮ್ (ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರ) ಅಂತಾರೆ. ಅಲ್ಲ. ಟಿಆರ್‌ಎನ್‌ಎಯ ಒಂದು ಕಡೆ ಆಂಟಿಕೋಡಾನ್, ದೂರದ ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ. ಯಾವ ಟಿಆರ್‌ಎನ್‌ಎಗೆ ಯಾವ ಆಮ್ಲ ಅಂತ ಗುರುತಿಸಿ ಅಂಟಿಸುವುದು ಅಮೈನೋಅಸೈಲ್ ಟಿಆರ್‌ಎನ್‌ಎ ಸಿಂಥೆಟೇಸ್ ಅನ್ನುವ ಕಿಣ್ವಗಳು. ರೈಬೋಸೋಮ್ ನೋಡುವುದು ಕೋಡಾನ್-ಆಂಟಿಕೋಡಾನ್ ಕೂಡಿಕೆಯನ್ನು.

ಇದನ್ನು ತೋರಿಸಿದ 1962ರ ಪ್ರಯೋಗ ನನಗೆ ಬಹಳ ಇಷ್ಟ. ಸಿಸ್ಟೀನ್ ಅಂಟಿದ್ದ ಟಿಆರ್‌ಎನ್‌ಎ ತೆಗೆದುಕೊಂಡರು. ಸಿಸ್ಟೀನಿನಲ್ಲಿರುವ ಗಂಧಕವನ್ನು ನಿಕಲ್ ಬಳಸಿ ತೆಗೆದರು, ಅದು ಅಲನಿನ್ ಆಯಿತು. ಟಿಆರ್‌ಎನ್‌ಎ ಮಾತ್ರ ಹಳೆಯದೇ. ಪ್ರೋಟೀನ್ ತಯಾರಾದಾಗ ನೋಡಿದರೆ ಸಿಸ್ಟೀನ್ ಇರಬೇಕಾದ ಜಾಗದಲ್ಲಿ ಅಲನಿನ್ ಕೂತಿತ್ತು. ಅಂದರೆ ರೈಬೋಸೋಮ್ ಆಮ್ಲ ಯಾವುದು ಅಂತ ನೋಡಲೇ ಇಲ್ಲ. ಇದನ್ನು ಕಥೆಯ ಹಾಗೆ ಹೇಳಿ, ಪಿಯು ಮಕ್ಕಳಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ತಂಗಿ ಈಗ ಇನ್ನೊಂದು ಕೇಳುತ್ತಿದ್ದಾಳೆ. ಅಮೈನೋ ಆಮ್ಲ ಸೂಚಿಸುವ ಕೋಡಾನ್ 61 ಇದ್ದರೆ ಆಂಟಿಕೋಡಾನೂ 61 ಬೇಕಲ್ವಾ?

ಉತ್ತರ (ಮೊದಲು ಬರೆದ ಉಪನ್ಯಾಸಕಿ)

ಒಳ್ಳೆಯ ಪ್ರಶ್ನೆ, ಅವಳಿಗೆ ಹಾಗೆಂದು ಹೇಳಿ. ಅಷ್ಟು ಬೇಡ. ಕೋಡಾನಿನ ಮೊದಲ ಎರಡು ಅಕ್ಷರದ ಜೋಡಿ ಬಿಗಿ, ಮೂರನೆಯದರಲ್ಲಿ ಸ್ವಲ್ಪ ಸಡಿಲ. ವಿಜ್ಞಾನಿ ಫ್ರಾನ್ಸಿಸ್ ಕ್ರಿಕ್ 1966ರಲ್ಲಿ ಮಂಡಿಸಿದ ವಾಬಲ್ ಅಂದರೆ ಇದೇ. ಫಿನೈಲ್‌ಅಲನಿನ್‌ಗೆ ಯುಯುಯು, ಯುಯುಸಿ ಎರಡು ಕೋಡಾನ್. 5′-ಜಿಎಎ-3′ ಅನ್ನುವ ಒಂದೇ ಆಂಟಿಕೋಡಾನ್ ಎರಡನ್ನೂ ಓದುತ್ತದೆ, ಯಾಕೆಂದರೆ ಆ ಸಡಿಲ ಜಾಗದಲ್ಲಿ ಆಂಟಿಕೋಡಾನಿನ ಜಿ ಅಕ್ಷರ ಸಿ ಜೊತೆಗೂ ಕೂಡುತ್ತದೆ, ಯು ಜೊತೆಗೂ ಕೂಡುತ್ತದೆ.

ಇವತ್ತು ಅವಳ ಕೈಲಿ 5′-ಎಯುಜಿ ಯುಯುಸಿ ಯುಜಿಸಿ ಯುಎಎ-3′ ಬಿಡಿಸಿ. 5′ ತುದಿಯಿಂದ ಓದಿದಾಗ ಆಂಟಿಕೋಡಾನ್ ಸಿಎಯು, ಜಿಎಎ, ಜಿಸಿಎ ಬರಬೇಕು. ಆಮ್ಲಗಳು ಮೆಥಿಯೋನಿನ್, ಫಿನೈಲ್‌ಅಲನಿನ್, ಸಿಸ್ಟೀನ್. ಯುಎಎ ಎದುರು ಅವಳು ಆಂಟಿಕೋಡಾನ್ ಬರೆದರೆ ಅಲ್ಲೇ ನಿಲ್ಲಿಸಿ. ಅದು ಸ್ಟಾಪ್ ಕೋಡಾನ್. ಅಲ್ಲಿಗೆ ಟಿಆರ್‌ಎನ್‌ಎ ಬರುವುದಿಲ್ಲ, ರಿಲೀಸ್ ಫ್ಯಾಕ್ಟರ್ ಅನ್ನುವ ಪ್ರೋಟೀನ್ ಬಂದು ತಯಾರಾದ ಅಮೈನೋ ಆಮ್ಲಗಳ ಸರಪಳಿಯನ್ನು ಬಿಡಿಸುತ್ತದೆ.